ನಿಂತ ಕುದುರೆಯ ಸವಾರ

ಟ್ಯಾರೋ, ಅಂದರೆ ಚಿತ್ರದ ಕಾರ್ಡ್ ತೆಗೆದು ಕೇಳಿದವರ ಪ್ರಶ್ನೆಗೆ ಅರ್ಥ ಹೇಳೋದು, ಓದಲು ಶುರು ಮಾಡಿದ ಮೊದಲ ಎರಡು ವರ್ಷ ನಾನು ತಪ್ಪಾಗಿಯೇ ಓದುತ್ತಿದ್ದ ಕಾರ್ಡ್ ಒಂದಿದೆ. ನೈಟ್ ಆಫ್ ಪೆಂಟಕಲ್ಸ್. ನಮ್ಮ ಮಾತಲ್ಲಿ ಹೇಳೋದಾದರೆ ನಾಣ್ಯ ಹಿಡಿದ ಕುದುರೆ ಸವಾರ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕಾರ್ಡ್ ಓದುತ್ತೇನೆ. ಬರುವವರು ಹೆಚ್ಚಾಗಿ ಪರಿಚಯದವರೇ. ಒಂದು ಸಂಜೆ, ಮನೆಯಲ್ಲೇ ಬ್ಲೌಸ್ ಹೊಲಿಯುವ ಒಬ್ಬರು ಬಂದರು. "ಅಕ್ಕ, ಅಂಗಡಿ ಮಾಡ್ಲಾ, ಬೇಡ್ವಾ?" ಅಷ್ಟೇ ಪ್ರಶ್ನೆ. ಬಂದದ್ದು ಇದೇ ಸವಾರ, ತಲೆಕೆಳಗಾಗದೆ ನೆಟ್ಟಗೆ. ನಾನು ಸರಿಯಾಗಿ ನೋಡಲೂ ಇಲ್ಲ. "ಕುದುರೆ ನಿಂತುಬಿಟ್ಟಿದೆ ನೋಡಿ. ಕೆಲಸ ಮುಂದಕ್ಕೆ ಹೋಗಲ್ಲ, ಈಗ ಬೇಡ" ಅಂದೆ. ಅವರು ಮಾತಾಡಲಿಲ್ಲ. ಬ್ಯಾಗಿನಲ್ಲಿದ್ದ ಅಳತೆ ಟೇಪು ತೆಗೆದು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಅವರು ಹೋದ ಮೇಲೂ ಆ ಟೇಪೇ ಕಣ್ಣ ಮುಂದೆ.

ಮಾರನೇ ದಿನ ಬೆಳಿಗ್ಗೆ ಡೆಕ್‌ನಿಂದ ನಾಲ್ಕು ನೈಟ್‌ಗಳನ್ನೂ ತೆಗೆದು ಸಾಲಾಗಿ ಇಟ್ಟೆ. ನನ್ನದು ರೈಡರ್ ಡೆಕ್, ರೈಡರ್ ಅನ್ನೋದು ಪ್ರಕಾಶಕರ ಹೆಸರು. 1909ರಲ್ಲಿ ಲಂಡನ್ನಿನಲ್ಲಿ ಮೊದಲು ಬಂತು. ಯೋಜನೆ ಎ. ಇ. ವೇಟ್ ಅವರದು, ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. 78 ಕಾರ್ಡಿನಲ್ಲಿ ದರ್ಬಾರಿನವರು 16; ದಂಡ, ಕತ್ತಿ, ಬಟ್ಟಲು, ನಾಣ್ಯ, ಒಂದೊಂದು ಗುಂಪಿಗೂ ನಾಲ್ಕು ಜನ. ಇಸ್ಪೀಟ್ ಆಡಿದವರಿಗೆ ಗುಲಾಮ, ರಾಣಿ, ರಾಜ ಗೊತ್ತು. ಇಲ್ಲಿ ಕುದುರೆಯ ಮೇಲಿನವನು ಒಬ್ಬ ಜಾಸ್ತಿ. (ಎಲೆಯ ಮೇಲೆ ದರ್ಬಾರು ಮೈಸೂರಿಗೇನು ಹೊಸದಲ್ಲ. ಗಂಜೀಫಾ ಅನ್ನೋ ಹಳೆಯ ಎಲೆ ಆಟದ ದಶಾವತಾರ ಕಟ್ಟಿನ 120 ಎಲೆಗಳಲ್ಲಿ ಒಂದೊಂದು ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ. ಮುಮ್ಮಡಿ ಕೃಷ್ಣರಾಜ ಒಡೆಯರಂತೂ ತಮ್ಮ ಶ್ರೀತತ್ತ್ವನಿಧಿ ಗ್ರಂಥದಲ್ಲೇ ಈ ಆಟಗಳಿಗೆ ಜಾಗ ಕೊಟ್ಟರು. ಆಟ ಬೇರೆ, ನಿಜ. ಆದರೆ ಆ ಪುಟ್ಟ ಎಲೆಯ ಮುಂದೆ ನಿಂತು ನೋಡುವ ತಾಳ್ಮೆ ಇದಕ್ಕೂ ಬೇಕು.)

ಪುಸ್ತಕ ಮುಚ್ಚಿಟ್ಟು ಬರೀ ಕುದುರೆಗಳ ಕಾಲು ನೋಡಿದೆ. ದಂಡದ ಸವಾರನ ಕುದುರೆ ಮುಂಗಾಲು ಎತ್ತಿ ನಿಂತಿದೆ. ಕತ್ತಿಯವನದು ನಾಗಾಲೋಟ, ಹಿಂದಿನ ಮರಗಳೂ ಗಾಳಿಗೆ ಬಾಗಿವೆ. ಬಟ್ಟಲು ಹಿಡಿದವನದು ಮೆಲ್ಲಗೆ ಹೆಜ್ಜೆ ಹಾಕುತ್ತಿದೆ. ನಾಣ್ಯದವನ ಕಪ್ಪು ಕುದುರೆ ಮಾತ್ರ ನಾಲ್ಕೂ ಕಾಲು ನೆಲಕ್ಕೆ ಊರಿದೆ. ಇದನ್ನೇ ನಾನು ಸೋಮಾರಿತನ ಅಂದುಕೊಂಡಿದ್ದು.

ಆಮೇಲೆ ಕಣ್ಣು ಹಿಂದಕ್ಕೆ ಹೋಯಿತು. ಹಿಂದೆ ಇಡೀ ಹೊಲ ಉತ್ತು ಬಿಟ್ಟಿದೆ. ಸಾಲು ಸಾಲು ಸಾಲು. ಇವನ ಶಿರಸ್ತ್ರಾಣದ ಮೇಲೆ ಹಸಿರು ಎಲೆ, ಕುದುರೆಯ ತಲೆಯ ಮೇಲೂ ಹಸಿರು ಎಲೆ. ನಾಣ್ಯವನ್ನು ಮುಂದೆ ಹಿಡಿದಿದ್ದಾನೆ, ಆದರೆ ನೋಟ ಅದರ ಮೇಲಿಲ್ಲ. ವೇಟ್ ಕೂಡ ಇದನ್ನೇ ಬರೆದಿದ್ದಾರೆ: ತನ್ನ ಗುರುತನ್ನು ತೋರಿಸುತ್ತಾನೆ, ಅದರೊಳಗೆ ನೋಡುವುದಿಲ್ಲ.

ಆಗ ನಮ್ಮಪ್ಪ ನೆನಪಾದರು. ನಮ್ಮದು ನಾಗಮಂಗಲದ ಕಡೆ ಊರು. ಕಟ್ಟೆ ನೀರು ನಮ್ಮ ಹೊಲಕ್ಕೆ ಬರಲ್ಲ, ರಾಗಿಗೆ ಮಳೆಯೇ ದಿಕ್ಕು. ಮಳೆ ಬಿದ್ದ ಮಾರನೇ ದಿನ ಅಪ್ಪ ಹೊಲಕ್ಕಿಳಿದು ಒಂದು ಹಿಡಿ ಮಣ್ಣು ತೆಗೆದು ಅಮುಕುತ್ತಿದ್ದರು. ಉಂಡೆ ಕಟ್ಟಬೇಕು, ಕೆಳಗೆ ಬಿಟ್ಟರೆ ಉದುರಬೇಕು. ಅಂಟಿದರೆ ಇನ್ನೂ ಹಸಿ ಜಾಸ್ತಿ. ಮಣ್ಣು ಅವರ ಅಂಗೈಯಲ್ಲಿ ಇರುತ್ತಿತ್ತು, ಕಣ್ಣು ಮಾತ್ರ ದೂರದ ಬದುವಿನ ಮೇಲೆ, ಮೋಡದ ಮೇಲೆ. ನಾನು ಚಿಕ್ಕವಳು, ಅವಸರ. "ಬಿತ್ತೋಣ ಅಪ್ಪ" ಅಂದರೆ, "ಹದ ಬರ್ಲಿ ತಡಿ ಕಣವ್ವ" ಅನ್ನುತ್ತಿದ್ದರು. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಅಂತ ಊರಲ್ಲಿ ಸುಮ್ನೆ ಹೇಳಲ್ಲ. ಹಾಗೆ ನಿಂತಿದ್ದ ಅಪ್ಪನನ್ನು ಯಾರಾದರೂ ಸೋಮಾರಿ ಅಂದಿದ್ದರೆ ನಾನು ಜಗಳಕ್ಕೇ ಹೋಗುತ್ತಿದ್ದೆ. ಕಾರ್ಡಿನಲ್ಲಿ ಅದೇ ಮನುಷ್ಯನನ್ನು ಎರಡು ವರ್ಷ ಗುರುತು ಹಿಡಿಯಲಿಲ್ಲ.

ಬ್ಲೌಸ್ ಹೊಲಿಯುವವರಿಗೆ ಫೋನ್ ಮಾಡಿದೆ. "ನಿನ್ನೆ ನಾನು ಓದಿದ್ದು ಸರಿ ಇರಲಿಲ್ಲ, ಇನ್ನೊಂದ್ಸಲ ಬನ್ನಿ" ಅಂದೆ. ಬಂದರು. ಈ ಸಲ ಕಾರ್ಡನ್ನು ಅವರ ಕೈಗೇ ಕೊಟ್ಟು, ಏನು ಕಾಣುತ್ತೆ ಹೇಳಿ ಅಂದೆ. ಸ್ವಲ್ಪ ಹೊತ್ತು ನೋಡಿ, "ಉಳುಮೆ ಮುಗ್ದಿದೆ ಅಲ್ವಾ ಅಕ್ಕ?" ಅಂದರು.

ಹಾಗಾದರೆ ನಿಮ್ಮ ಉಳುಮೆ ಎಲ್ಲಿಗೆ ಬಂದಿದೆ ಅಂತ ಕೇಳಿದೆ. ಬೆರಳು ಮಡಚುತ್ತಾ ಹೇಳಿದರು. ಎರಡು ಮಿಷನ್ ಇದೆ. ಖಾಯಂ ಗಿರಾಕಿಗಳಿದ್ದಾರೆ. ಕುಚ್ಚು ಕಟ್ಟೋಕೆ ಒಬ್ಬ ಹುಡುಗಿ ಬರ್ತಾಳೆ. ಅಂಗಡಿ ಅಡ್ವಾನ್ಸಿಗೆ ಮಾತ್ರ ದುಡ್ಡು ಸಾಲದು, ಗೌರಿ ಹಬ್ಬದ ಹೊಲಿಗೆ ಬಂದರೆ ಕೂಡುತ್ತೆ. ಅವರ ಹದ ಯಾವುದು ಅಂತ ಅವರ ಬಾಯಲ್ಲೇ ಬಂತು. ಬಾಡಿಗೆ ಮಾತು ಹಬ್ಬದ ಮೇಲೆ ಅಂತ ಅವರೇ ತೀರ್ಮಾನ ಮಾಡಿಕೊಂಡರು. ಕಾರ್ಡ್ ಮಳೆ ತರಿಸಲ್ಲ, ತಾರೀಖೂ ಹೇಳಲ್ಲ. ಎಲ್ಲಿ ನಿಂತಿದ್ದೀವಿ ಅಂತ ತೋರಿಸುತ್ತೆ, ನನಗೆ ಅಷ್ಟು ಸಾಕು.

ಈ ಕಾರ್ಡ್ ತಲೆಕೆಳಗಾಗಿ ಬಂದರೆ ಮಾತ್ರ ಬೇರೆ ಕೇಳುತ್ತೇನೆ. ವೇಟ್ ಜಡತೆ, ಆಲಸ್ಯ ಅಂತ ಬರೆದಿರುವುದು ಆ ಕಡೆಗೆ. ಹದ ಬಂದು ಹೋದಮೇಲೂ ಕುದುರೆ ಅಲ್ಲೇ ನಿಂತಿದ್ದರೆ ನೆಲ ಒಣಗಿ ಗಟ್ಟಿಯಾಗುತ್ತೆ. ಪರೀಕ್ಷೆಗೆ ನಾಲ್ಕು ವರ್ಷದಿಂದ ತಯಾರಾಗುತ್ತಲೇ ಇರುವ ಹುಡುಗನೊಬ್ಬನಿಗೆ ಹೀಗೆ ಬಂದಿತ್ತು. ಅವನನ್ನು ಕೇಳಿದ್ದು ಒಂದೇ: "ಅರ್ಜಿ ಹಾಕಿದ್ದೀಯಾ?" ಇಲ್ಲ ಅಂದ. ಆವತ್ತು ಬೇರೆ ಕಾರ್ಡ್ ತೆಗೆಯಲಿಲ್ಲ.