ಮೂಗು ತೊಳೆಯುವುದು ಸುಲಭ, ನೀರಿನ ಕಡೆ ಗಮನ ಇರಲಿ

ನೆಗಡಿ ಶುರುವಾಗಿ ಮೂಗು ಕಟ್ಟಿತೆಂದರೆ ಉಪ್ಪುನೀರಲ್ಲಿ ಮೂಗು ತೊಳೆಯುವುದು ನಮ್ಮ ಮನೆಯಲ್ಲಿ ಬಹಳ ಕಾಲದ ರೂಢಿ. ಯೋಗ ಕಲಿತವರು ಜಲನೇತಿ ಅನ್ನುತ್ತಾರೆ. ಮೂಗಿನ ಡಾಕ್ಟರುಗಳೂ ಈಗ ಇದನ್ನೇ ಮಾಡಿ ಅನ್ನುತ್ತಾರೆ. ಖರ್ಚಿಲ್ಲ, ನಿದ್ದೆ ಬರಿಸುವ ಮಾತ್ರೆಯ ಕಾಟವಿಲ್ಲ. ಆದರೆ ಮೊಬೈಲಲ್ಲಿ ವಿಡಿಯೋ ನೋಡಿ ಶುರು ಮಾಡುವವರು ಕೊಕ್ಕಿರುವ ನೇತಿ ಲೋಟ ಹೇಗೆ ಹಿಡಿಯಬೇಕು ಅಂತ ಮಾತ್ರ ಕಲಿಯುತ್ತಾರೆ. ಯಾವ ನೀರು ಅಂತ ಕೇಳುವುದೇ ಇಲ್ಲ. ಅದಕ್ಕೇ ನಾನು ನೀರಿನಿಂದಲೇ ಶುರು ಮಾಡುತ್ತೇನೆ.

ನೀರನ್ನು ಕುದಿಸಲೇಬೇಕು. ಇದರಲ್ಲಿ ರಾಜಿ ಇಲ್ಲ. ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಹಾಗೇ ಕುದಿಯಲಿ. ಆಮೇಲೆ ಮುಚ್ಚಿಟ್ಟು ಉಗುರು ಬೆಚ್ಚಗಾಗುವವರೆಗೆ ಆರಿಸಿ. ಬೇಗ ಆರಲಿ ಅಂತ ನಲ್ಲಿ ನೀರು ಬೆರೆಸುತ್ತಾರೆ ಕೆಲವರು. ಹಾಗೆ ಮಾಡಿದರೆ ಕುದಿಸಿದ್ದೇ ದಂಡ. ಕುಡಿಯುವ ನೀರು ತಾನೇ, ಮೂಗಿಗೆ ಹಾಕಿದರೆ ಏನಾಗುತ್ತೆ ಅಂತ ನಿಮಗೆ ಅನಿಸಬಹುದು. ಕುಡಿದ ನೀರಲ್ಲಿ ಇರುವ ಎಷ್ಟೋ ಜೀವಿಗಳನ್ನು ಹೊಟ್ಟೆಯ ಆಮ್ಲವೇ ಕೊಲ್ಲುತ್ತದೆ. ಮೂಗಿನಲ್ಲಿ ಅಂಥ ಕಾವಲು ಇಲ್ಲ. ಮೆದುಳು ತಿನ್ನುವ ಅಮೀಬಾ ಅಂತ ಪೇಪರಿನಲ್ಲಿ ಓದಿದ್ದೀರಲ್ವಾ, ನೇಗ್ಲೇರಿಯಾ ಅದರ ಹೆಸರು. ಕುಡಿದರೆ ಅದು ಏನೂ ಮಾಡುವುದಿಲ್ಲ. ಮೂಗಿನ ಮೂಲಕ ಮೆದುಳಿಗೆ ಹೋದರೆ ಉಳಿಯುವವರು ತೀರಾ ಕಮ್ಮಿ. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ಇಬ್ಬರು ತೀರಿಕೊಂಡಿದ್ದು ನಲ್ಲಿ ನೀರನ್ನು ನೇತಿ ಲೋಟಕ್ಕೆ ಹಾಕಿಕೊಂಡಿದ್ದರಿಂದ. ನಮ್ಮ ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾದಿಂದ ಮೆದುಳಿಗೆ ಸೋಂಕಾದ ಎಷ್ಟೋ ಪ್ರಕರಣ ಕಂಡುಬಂದವು. ಕೆರೆ, ಕುಂಟೆಯಲ್ಲಿ ಮುಳುಗಿ ಎದ್ದವರೂ ಅವರಲ್ಲಿ ಇದ್ದರು. ಕಾಯಿಲೆ ಬಹಳ ಅಪರೂಪದ್ದೇ. ಹಾಗಂತ ಒಂದು ನಿಮಿಷದ ಗ್ಯಾಸ್ ಉಳಿಸುವುದಕ್ಕೆ ಅಂಥ ಅಪಾಯ ಯಾಕೆ?

ಸೋಲಾರ್ ನೀರು ಹೇಗೂ ಬೆಚ್ಚಗಿರುತ್ತದಲ್ಲ ಅಂತ ಒಬ್ಬ ನೆಂಟರು ಕೇಳಿದ್ದರು. ಬೇಡವೇ ಬೇಡ. ಆ ಅಮೀಬಾಕ್ಕೆ ಬೆಚ್ಚಗಿನ ನೀರೆಂದರೇ ಇಷ್ಟ. ಗೀಸರ್ ನೀರೂ ಅಷ್ಟೆ, ಬಚ್ಚಲ ಹಂಡೆಯ ನೀರೂ ಅಷ್ಟೆ. ಫಿಲ್ಟರಿನದೋ, ಇಪ್ಪತ್ತು ಲೀಟರ್ ಕ್ಯಾನಿನದೋ ಆದರೂ ಕುದಿಸಿಯೇ ಬಳಸಿ. ಇನ್ನು ಡಿಸ್ಟಿಲ್ಡ್ ವಾಟರ್ ಒಳ್ಳೆಯದು ಅಂತ ಎಲ್ಲೋ ಓದಿ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಕ್ಯಾನ್ ಎತ್ತಿಕೊಳ್ಳಬೇಡಿ. ಅದು ಬ್ಯಾಟರಿಗೇ ಇರಲಿ.

ಉಪ್ಪಿನ ಲೆಕ್ಕಕ್ಕೆ ಬರೋಣ. ಒಂದು ಲೀಟರಿಗೆ 9 ಗ್ರಾಂ. ಅಂದರೆ ಅರ್ಧ ಲೀಟರ್ ನೀರಿಗೆ ಪುಡಿಯುಪ್ಪು ಮುಕ್ಕಾಲು ಟೀ ಚಮಚ. ಚಮಚ ಮಟ್ಟವಾಗಿರಬೇಕು, ಗೋಪುರ ಕಟ್ಟಬಾರದು. ನಮ್ಮ ರಕ್ತದಲ್ಲೂ ಹೆಚ್ಚೂಕಮ್ಮಿ ಇಷ್ಟೇ ಉಪ್ಪಿನಂಶ ಇರುವುದರಿಂದ ಮೂಗಿಗೆ ಇದು ಹೊಸದು ಅನಿಸುವುದಿಲ್ಲ. ಸಪ್ಪೆ ನೀರು ಹಾಕಿ ನೋಡಿ, ನೆತ್ತಿಯವರೆಗೆ ಚುರುಗುಟ್ಟುತ್ತದೆ. ಬೇಡ, ನೋಡುವುದೂ ಬೇಡ. ಉಪ್ಪು ಜಾಸ್ತಿಯಾದರೂ ಉರಿಯೇ. ಅಡುಗೆಗೆ ಬಳಸುವ ಅಯೋಡಿನ್ ಉಪ್ಪಿನಲ್ಲಿ ಗಂಟು ಕಟ್ಟದಿರಲಿ ಅಂತ ಬೇರೆ ಪುಡಿ ಸೇರಿಸಿರುತ್ತಾರೆ. ಕೆಲವರ ಮೂಗಿಗೆ ಅದು ಒಗ್ಗುವುದಿಲ್ಲ. ನಾನು ಸೈಂಧವ ಉಪ್ಪನ್ನು ಪುಡಿ ಮಾಡಿ ಸಣ್ಣ ಡಬ್ಬಿಯಲ್ಲಿ ಬೇರೆಯೇ ಇಟ್ಟಿರುತ್ತೇನೆ. ಕಲ್ಲಾಗಿಯೇ ಅಳೆದರೆ ಲೆಕ್ಕ ತಪ್ಪುತ್ತದೆ. ಉಪ್ಪನ್ನು ನೀರು ಕುದಿಯುವಾಗಲೇ ಹಾಕಿಬಿಡಿ, ಅದೂ ಶುದ್ಧವಾಗುತ್ತದೆ. ತಳದಲ್ಲಿ ಮರಳಿನಂಥದ್ದೇನಾದರೂ ಕೂತರೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಬಹುದು. ಆದರೂ ಉರಿಯುತ್ತೆ ಅನ್ನುವವರು ಒಂದು ಚಿಟಿಕೆ ಅಡುಗೆ ಸೋಡ ಸೇರಿಸಿ. ಇಷ್ಟೆಲ್ಲಾ ಯಾರು ಅಳೆಯುತ್ತಾರೆ ಅನ್ನುವವರಿಗೆ ಮೆಡಿಕಲ್ ಶಾಪಿನಲ್ಲಿ ಅಳೆದ ಪುಡಿಯ ಪೊಟ್ಟಣವೇ ಸಿಗುತ್ತದೆ. ನೀರು ಮಾತ್ರ ನೀವೇ ಕುದಿಸಬೇಕು.

ಕೊಕ್ಕಿರುವ ನೇತಿ ಲೋಟ ಇಲ್ಲದಿದ್ದರೆ ಹಿಂಡುವ ಬಾಟಲಿಯೂ ಆಗುತ್ತದೆ. ಮೊದಲು ಸೋಪು ಹಾಕಿ ಕೈ ತೊಳೆದುಕೊಳ್ಳಿ. ವಾಶ್ ಬೇಸಿನ್ ಮೇಲೆ ಮುಂದಕ್ಕೆ ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ. ಹಣೆ, ಗದ್ದ ಹೆಚ್ಚೂಕಮ್ಮಿ ಒಂದೇ ಮಟ್ಟದಲ್ಲಿರಲಿ. ಬಾಯಿ ತೆರೆದು ಬಾಯಿಂದಲೇ ಉಸಿರಾಡುತ್ತಾ ಇರಿ. ಇದೊಂದು ನೆನಪಿದ್ದರೆ ಅರ್ಧ ಕೆಲಸ ಆದಂತೆ. ಮೇಲಿರುವ ಹೊಳ್ಳೆಗೆ ಕೊಕ್ಕು ತಾಗಿಸಿ ನಿಧಾನಕ್ಕೆ ಬಗ್ಗಿಸಿದರೆ ನೀರು ಕೆಳಗಿನ ಹೊಳ್ಳೆಯಿಂದ ತಾನಾಗಿ ಇಳಿಯುತ್ತದೆ. ಕಾಲು ಲೀಟರ್ ಒಂದು ಕಡೆಗೆ, ಕಾಲು ಲೀಟರ್ ಇನ್ನೊಂದು ಕಡೆಗೆ. ಮಧ್ಯೆ ಮಾತಾಡಬೇಡಿ, ನುಂಗಬೇಡಿ, ನಗಬೇಡಿ. ಮೊಮ್ಮಕ್ಕಳು ಸುತ್ತ ನಿಂತಿದ್ದರೆ ಮೂರನೆಯದು ಕಷ್ಟ! ಗಂಟಲಿಗೆ ಸ್ವಲ್ಪ ಇಳಿದರೆ ಹೆದರಬೇಡಿ, ಉಗಿದುಬಿಡಿ. ತಲೆ ಹಿಂದಕ್ಕೆ ವಾಲಿದೆ ಅಂತ ಅರ್ಥ, ಇನ್ನಷ್ಟು ಮುಂದಕ್ಕೆ ಬಗ್ಗಿ. ಮೂಗು ಪೂರ್ತಿ ಕಟ್ಟಿ ನೀರು ಆಚೆ ಬರುತ್ತಲೇ ಇಲ್ಲ ಅಂದರೆ ಜೋರಾಗಿ ಹಿಂಡಬೇಡಿ. ಬಿಸಿನೀರಿನ ಸ್ನಾನ ಮಾಡಿ, ಸ್ವಲ್ಪ ಸಡಿಲವಾದ ಮೇಲೆ ನೋಡಿ.

ಆಮೇಲೆ ಸಿಂಬಳ ಸೀನುವ ವಿಷಯ. ಒಂದು ಹೊಳ್ಳೆ ಒತ್ತಿ ಹಿಡಿದು ಪುರ್ರೆಂದು ಸೀನಿದರೆ ನೀರು ಕಿವಿಯ ಕಡೆಗೆ ನುಗ್ಗುತ್ತದೆ. ಎರಡೂ ಹೊಳ್ಳೆ ಬಿಟ್ಟು ಮೆತ್ತಗೆ ಉಸಿರು ಹೊರಹಾಕಿ. ಒಳಗುಳಿದ ನೀರು ಅರ್ಧ ಗಂಟೆಯ ಮೇಲೂ ಬಗ್ಗಿದಾಗ ತೊಟ್ಟಿಕ್ಕುವುದುಂಟು. ಅದಕ್ಕೇ ತೊಳೆದ ಕೂಡಲೇ ಮಲಗಬೇಡಿ. ರಾತ್ರಿ ಮಾಡುವುದಾದರೆ ಮಲಗುವ ಒಂದು ಗಂಟೆ ಮುಂಚೆ ಮಾಡಿ ಮುಗಿಸಿ. ಡಾಕ್ಟರು ಮೂಗಿಗೆ ಸ್ಪ್ರೇ ಕೊಟ್ಟಿದ್ದರೆ ಮೊದಲು ತೊಳೆದು, ಸ್ವಲ್ಪ ಬಿಟ್ಟು ಸ್ಪ್ರೇ ಹೊಡೆದುಕೊಳ್ಳಿ. ತಿರುವುಮುರುವಾದರೆ ಔಷಧಿಯೆಲ್ಲ ಬೇಸಿನ್ ಪಾಲು.

ಹಣೆ, ಕೆನ್ನೆ, ಕಣ್ಣುಗಳ ನಡುವೆ, ಇನ್ನೂ ಒಳಗೆ ಹೀಗೆ ಗಾಳಿ ತುಂಬಿದ ಟೊಳ್ಳುಗಳು, ಅಂದರೆ ನಾಲ್ಕು ಜೋಡಿ ಸೈನಸ್‌ಗಳಿವೆ. ಎಲ್ಲಕ್ಕೂ ಮೂಗಿನೊಳಗೇ ಸಣ್ಣ ಬಾಯಿ. ನೆಗಡಿಯಲ್ಲಿ ಒಳಪೊರೆ ಊದಿಕೊಂಡು ಆ ಬಾಯಿ ಮುಚ್ಚುತ್ತದೆ, ತಲೆಭಾರ ಶುರುವಾಗುತ್ತದೆ. ಉಪ್ಪುನೀರು ಗಟ್ಟಿ ಸಿಂಬಳವನ್ನು ತೆಳು ಮಾಡಿ ದೂಳು, ಪರಾಗವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಬೆಂಗಳೂರಿನ ಖಾಲಿ ಸೈಟುಗಳ ಕಾಂಗ್ರೆಸ್ ಗಿಡದ ಅಲರ್ಜಿ ಇರುವವರಿಗೆ, ಹೊರಗೆ ಓಡಾಡಿ ಬಂದ ಸಂಜೆ ಇದು ನಿಜಕ್ಕೂ ಹಾಯೆನಿಸುತ್ತದೆ. ನೆಗಡಿ ಇದ್ದಷ್ಟು ದಿನ ದಿನಕ್ಕೆ ಒಂದೋ ಎರಡೋ ಸಲ ಸಾಕು. ವಾಸಿಯಾದ ಮೇಲೆ ಸುಮ್ನೆ ಮುಂದುವರಿಸಬೇಡಿ.

ಮೂಗು ಬಿಡಿಸುವ ಹನಿ ಔಷಧಿಯ ಬಗ್ಗೆ ನನಗೆ ಸಿಟ್ಟೇ ಇದೆ. ಎರಡು ಹನಿಗೆ ಮೂಗು ಬಿಡುತ್ತದೆ ನಿಜ. ಆದರೆ ಮೂರು, ಹೆಚ್ಚೆಂದರೆ ಐದು ದಿನ ದಾಟಿದರೆ ಆ ಹನಿಯೇ ಮೂಗು ಕಟ್ಟಿಸಲು ಶುರು ಮಾಡುತ್ತದೆ. ತಲೆದಿಂಬಿನ ಕೆಳಗೆ ಬಾಟಲಿ ಇಟ್ಟುಕೊಂಡು ವರ್ಷಗಟ್ಟಲೆ ಹಾಕುವವರಿದ್ದಾರೆ.

ಲೋಟ ಒಬ್ಬರಿಗೊಂದು. ಗಂಡ ಹೆಂಡತಿಯಾದರೂ ಹಂಚಿಕೊಳ್ಳಬಾರದು. ಬಳಸಿದ ಮೇಲೆ ಸೋಪಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಲ್ಲಿ ಜಾಲಾಡಿಸಿ, ಬೋರಲು ಹಾಕಿ ಪೂರ್ತಿ ಒಣಗಿಸಿ. ಉಳಿದ ಉಪ್ಪುನೀರನ್ನು ಮಾರನೆಯ ದಿನಕ್ಕೆ ಎತ್ತಿಡಬೇಡಿ. ತಾಮ್ರದ ಲೋಟದಲ್ಲಂತೂ ಉಪ್ಪುನೀರು ನಿಲ್ಲಿಸಲೇಬಾರದು, ಹಸಿರು ಕಿಲುಬು ಹಿಡಿಯುತ್ತದೆ. ಸ್ಟೀಲು ವಾಸಿ.

ಕಿವಿನೋವು ಇರುವವರು, ಮೂಗಿಂದ ಆಗಾಗ ರಕ್ತ ಬರುವವರು, ಈಚೆಗೆ ಮೂಗಿನ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಸಣ್ಣ ಮಕ್ಕಳಿಗೂ ನೀವಾಗೇ ಮಾಡಬೇಡಿ. ಹತ್ತು ದಿನ ಕಳೆದರೂ ಕಮ್ಮಿಯಾಗದಿದ್ದರೆ, ಕಮ್ಮಿಯಾಗಿ ಮತ್ತೆ ಏರಿದರೆ, ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬರುತ್ತಿದ್ದರೆ ತೋರಿಸಿಕೊಳ್ಳಿ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜು, ಜೋರು ಜ್ವರದ ಜೊತೆ ಕುತ್ತಿಗೆ ಬಿಗಿತ ಕಂಡರೆ ಅವತ್ತೇ ಹೋಗಿ. ಸಕ್ಕರೆ ಕಾಯಿಲೆಯವರು ಇನ್ನೂ ಹುಷಾರಾಗಿರಬೇಕು. 2021ರ ಕೋವಿಡ್ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ಹೆಚ್ಚಾಗಿ ಕಾಡಿದ್ದು ಅವರನ್ನೇ. ಮುಖದ ಒಂದು ಕಡೆ ಜೋಮು ಹಿಡಿದರೆ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ, ನೀರು ಕಾಯಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.