ಸಾಸ್ ಫೈಲಿನ ಚಿತ್ರ ವೆಬ್‌ಪ್ಯಾಕ್‌ಗೆ ಸಿಗದಿದ್ದಾಗ

ಮಂಡ್ಯದ ಆಲೆಮನೆಯೊಂದಕ್ಕೆ ಬೆಲ್ಲ ಮಾರುವ ವೆಬ್‌ಸೈಟ್ ಮಾಡುತ್ತಿದ್ದೆ. ಫೈಲುಗಳನ್ನೆಲ್ಲ ಕಟ್ಟಿ ಸೈಟಿಗೆ ಸಿದ್ಧ ಮಾಡುವ ವೆಬ್‌ಪ್ಯಾಕ್‌ನಲ್ಲಿ ಬಿಲ್ಡ್ ಕೊಟ್ಟರೆ ‘ಅಚ್ಚುಬೆಲ್ಲದ ಚಿತ್ರ ಸಿಗುತ್ತಿಲ್ಲ’ ಅನ್ನೋ ಎರರ್. ಚಿತ್ರ ನೋಡಿದರೆ ಸಾಸ್ ಫೈಲಿನ ಪಕ್ಕದಲ್ಲೇ ಕೂತಿದೆ!

ಸಾಸ್ ಅಂದರೆ ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ಅನ್ನು ಸುಲಭವಾಗಿ ಬರೆಯುವ ಭಾಷೆ. ಅದು ಮುಖ್ಯ ಫೈಲಿಗೆ ಸೇರಿಸಿದ ಎಲ್ಲ ಫೈಲುಗಳನ್ನೂ ಕೂಡಿಸಿ ಒಂದೇ ಸಿಎಸ್‌ಎಸ್ ಮಾಡುತ್ತದೆ. ಆದರೆ ಯುಆರ್‌ಎಲ್ ಒಳಗಿನ ಚಿತ್ರದ ದಾರಿಯನ್ನು (ಪಾಥ್) ಮುಟ್ಟುವುದೇ ಇಲ್ಲ. ಲೋಡರ್ ಅಂದರೆ ವೆಬ್‌ಪ್ಯಾಕ್ ಫೈಲನ್ನು ಹಾಯಿಸುವ ಒಂದೊಂದು ಹಂತ. ಆಮೇಲೆ ಬರುವ ಸಿಎಸ್‌ಎಸ್-ಲೋಡರ್ ಚಿತ್ರವನ್ನು ಮುಖ್ಯ ಸಾಸ್ ಫೈಲಿನ ಫೋಲ್ಡರಿನಿಂದ ಹುಡುಕುತ್ತದೆ. ಸಿಗೋದಾದರೂ ಹೇಗೆ, ಅಲ್ವಾ? ದಾರಿಯನ್ನೇ ತಿದ್ದಬಹುದಿತ್ತು, ಫೋಲ್ಡರ್ ಬದಲಾದರೆ ಮತ್ತೆ ಅದೇ ತಲೆನೋವು.

ಅದಕ್ಕೇ ಈ ದಾರಿಗಳನ್ನು ತಾನೇ ಸರಿಮಾಡುವ ರಿಸಾಲ್ವ್-ಯುಆರ್‌ಎಲ್-ಲೋಡರ್ ಹಾಕಿದೆ. ವೆಬ್‌ಪ್ಯಾಕ್‌ನ ಲೋಡರ್ ಲಿಸ್ಟಿನಲ್ಲಿ ಸಿಎಸ್‌ಎಸ್-ಲೋಡರಿನ ಕೆಳಗೆ, ಸಾಸ್-ಲೋಡರಿನ ಮೇಲೆ ಅದರ ಜಾಗ. ಲೋಡರುಗಳು ಓಡುವುದು ಕೆಳಗಿನಿಂದ ಮೇಲಕ್ಕೆ. ಆದರೂ ಎರರ್ ಹೋಗಲಿಲ್ಲ. ಸಿಎಸ್‌ಎಸ್‌ನ ಯಾವ ಸಾಲು ಯಾವ ಸಾಸ್ ಫೈಲಿನಿಂದ ಬಂತು ಅಂತ ರಿಸಾಲ್ವ್-ಯುಆರ್‌ಎಲ್-ಲೋಡರ್ ತಿಳಿಯುವುದು ಅದನ್ನು ಬರೆದಿಡುವ ಸೋರ್ಸ್ ಮ್ಯಾಪ್ ನೋಡಿ. ಸಾಸ್-ಲೋಡರಿನಲ್ಲಿ ಸೋರ್ಸ್‌ಮ್ಯಾಪ್ ಆನ್ ಮಾಡಿದೆ, ಚಿತ್ರ ಬಂತು. ಪ್ರೊಡಕ್ಷನ್ ಬಿಲ್ಡಿನಲ್ಲೂ ಅದು ಆನ್ ಇರಲೇಬೇಕು.