ಪಾವು, ಕಪ್, ಗ್ರಾಂ: ಹೊಸದಾಗಿ ಅಮೆರಿಕಕ್ಕೆ ಬಂದವರ ಅಡುಗೆಮನೆಗೆ

ಸೋಷಿಯಲ್ ಸೆಕ್ಯುರಿಟಿ ನಂಬರು, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸು: ಇವಕ್ಕೆಲ್ಲ ಆಫೀಸಿನವರೇ ಪಟ್ಟಿ ಕೊಡುತ್ತಾರೆ, ಅದರಂತೆ ಓಡಾಡಿದರೆ ಮುಗಿಯಿತು. ಯಾರೂ ಹೇಳಿಕೊಡದಿರುವುದು ಅಡುಗೆಮನೆಯ ಅಳತೆ.

ದೋಸೆಗೆ ಒಂದಕ್ಕೆ ಮೂರು, ರವೆ ಇಡ್ಲಿಹಿಟ್ಟಿಗೆ ಒಂದಕ್ಕೆ ಎರಡು ಅಂತ ಊರಲ್ಲಿ ಹಾಕುತ್ತಿದ್ದಿರಲ್ಲ, ಅದಕ್ಕೆ ಇಲ್ಲೂ ಯಾವ ಲೆಕ್ಕ ಬೇಡ. ಪಾವಿಲ್ಲದಿದ್ದರೆ ಕಾಫಿ ಮಗ್ಗಾದರೂ ಸರಿ, ಉದ್ದಿಗೂ ಅಕ್ಕಿಗೂ ಅದೇ ಮಗ್ಗಿರಲಿ. ಫಜೀತಿ ಶುರುವಾಗುವುದು ಅರ್ಧ ಅಳತೆ ಅಮ್ಮನದು, ಅರ್ಧ ಇಲ್ಲಿನ ಪೊಟ್ಟಣದ್ದು ಆದಾಗ.

ಇಲ್ಲಿನ ಕಪ್ ಸುಮಾರು 240 ಮಿ.ಲೀ. ರೈಸ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಲೋಟ 180 ಮಾತ್ರ, ಪಾತ್ರೆಯೊಳಗಿನ ಗೆರೆ ಆ ಲೋಟದ ಲೆಕ್ಕಕ್ಕೇ ಇರುವುದು. ಕಪ್ಪಿನಲ್ಲಿ ಅಕ್ಕಿ ಅಳೆದು ಗೆರೆಯವರೆಗೆ ನೀರು ಹೊಯ್ದರೆ ಅನ್ನ ಕಾಳುಕಾಳಾಗಿ ಉಳಿಯುತ್ತದೆ. ಲೋಟ ಎಸೆಯಬೇಡಿ. ಒಂದು ಕಪ್ ಸಕ್ಕರೆ 200 ಗ್ರಾಂ, ಮೈದಾ 120ರ ಆಸುಪಾಸು. ಡಬ್ಬಿಯೊಳಗೇ ಕಪ್ ಮುಳುಗಿಸಿ ಒತ್ತಿ ತುಂಬಿದರೆ ಅದೇ ಮೈದಾ 150 ಮುಟ್ಟಬಹುದು, ಕೇಕು ಇಟ್ಟಿಗೆಯಾಗುತ್ತದೆ. ಬೆಣ್ಣೆಯ ಒಂದು ಸ್ಟಿಕ್ 113 ಗ್ರಾಂ, ಅಂದರೆ ಅರ್ಧ ಕಪ್. ಔನ್ಸ್ ಎಂದು ಕಂಡರೆ ದ್ರವದ್ದೋ ತೂಕದ್ದೋ ನೋಡಿ, ಎರಡೂ ಬೇರೆ.

ಇನ್ನು ಉಪ್ಪು. ಅಮ್ಮ ಫೋನಿನಲ್ಲಿ ನಿಂಬೆ ಉಪ್ಪಿನಕಾಯಿಗೆ "ಒಂದು ಲೋಟ ಉಪ್ಪು" ಅಂದರು. ಅವರ ಲೋಟದಲ್ಲಿ ಇರುವುದು ಕಲ್ಲುಪ್ಪು, ಹರಳುಗಳ ನಡುವೆ ಗಾಳಿ. ನಾನು ಸುರಿದದ್ದು ನಯವಾದ ಟೇಬಲ್ ಸಾಲ್ಟ್, ಸಂದಿಲ್ಲದೆ ಕೂತುಕೊಳ್ಳುವಂಥದ್ದು. ಒಳ್ಳೆ ನಿಂಬೆಹಣ್ಣುಗಳು ದಂಡವಾದವು. ಗಂಡ ಮಾತ್ರ ಪಾಪ, ಮೊಸರನ್ನದ ಜೊತೆ ಪರವಾಗಿಲ್ಲ ಅಂತ ನುಂಗುತ್ತಿದ್ದರು. ಇಲ್ಲಿನ ಪಾಕವಿಧಾನಗಳಲ್ಲಿ ಬರುವ ಕೋಷರ್ ಸಾಲ್ಟ್ ಎಂಬ ದಪ್ಪ ಹರಳಿನ ಉಪ್ಪಿನ ಕಥೆಯೂ ಇದೇ. ಟೇಬಲ್ ಸಾಲ್ಟ್ ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ತೂಗಿದರೆ, ಕೆಲವು ಬ್ರ್ಯಾಂಡಿನ ಕೋಷರ್ ಉಪ್ಪು 3 ಗ್ರಾಂ ಕೂಡ ಇರುವುದಿಲ್ಲ. ಬೇರೇನನ್ನು ತೂಗದಿದ್ದರೂ ಉಪ್ಪಿನಕಾಯಿಯ ಉಪ್ಪನ್ನು ತೂಗಿ.

ನಮ್ಮ ದೇಶ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದು 1956ರಲ್ಲಿ. ನಮ್ಮಜ್ಜಿಯ ಅಡುಗೆಮನೆಗೆ ಆ ಸುದ್ದಿ ಮುಟ್ಟಲೇ ಇಲ್ಲ, ಹಿತ್ತಾಳೆ ಪಾವು, ಚಟಾಕುಗಳಲ್ಲೇ ಸಂಸಾರ ನಡೆಯಿತು. ಸಾರಿನ ಪುಡಿಗೆ ಎಷ್ಟು ಧನಿಯಾ ಅಂದರೆ ಅಮ್ಮ "ಎರಡು ಹಿಡಿ" ಅನ್ನುವುದು ನಮಗೆ ಸಾಕಿತ್ತು, ಆ ಕೈ ಎಷ್ಟು ದೊಡ್ಡದೆಂದು ಗೊತ್ತಿತ್ತು. ಇಲ್ಲಿ ಹುಟ್ಟಿದ ಮಗಳಿಗೆ ಆ ಕೈ ವರ್ಷಕ್ಕೊಮ್ಮೆ ಕಾಣುವುದು. ಅವಳು "ಎಷ್ಟು ಗ್ರಾಂ?" ಅಂತ ಕೇಳಿದರೆ ಮೊದಲೆಲ್ಲ ನನಗೆ ರೇಗುತ್ತಿತ್ತು. ಈಗ ಅನ್ನಿಸುತ್ತೆ, ಅವಳು ಕೇಳುತ್ತಿರುವುದಾದರೂ ನಮ್ಮ ಸಾರಿನ ಪುಡಿಯನ್ನೇ ತಾನೆ? ಹೋದ ಸಲ ಅಮ್ಮ ಬಂದಾಗ ಅವರು ಹಿಡಿ ತುಂಬಿ ಹಾಕುವ ಮುಂಚೆ ತಕ್ಕಡಿ ಒಡ್ಡಿದೆವು. "ಇದೇನು, ಬಂಗಾರವೇನೇ?" ಅಂತ ಬೈದರು. ಹಿಡಿಯಿಂದ ಹಿಡಿಗೆ ವ್ಯತ್ಯಾಸವೇ ಇರಲಿಲ್ಲ ಅನ್ನಿ. ಅಮ್ಮಂದಿರು ಬಂದಾಗ ನೀವೂ ಬರೆದಿಟ್ಟುಕೊಳ್ಳಿ, ಮುಂದಕ್ಕೆ ಹಾಕಬೇಡಿ.

ಒಂದು ಗ್ರಾಂವರೆಗೆ ತೋರಿಸುವ, ಪಾತ್ರೆಯ ತೂಕ ಕಳೆಯುವ ಗುಂಡಿಯಿರುವ ಡಿಜಿಟಲ್ ತಕ್ಕಡಿ ಮನೆಬಳಕೆಗೆ ಧಾರಾಳ. ಇಂಗು, ಮೆಂತ್ಯದಂಥ ಚಿಟಿಕೆ ಸಾಮಾನು ಅದರಲ್ಲಿ ಸರಿಯಾಗಿ ಬೀಳುವುದಿಲ್ಲ, ಅವಕ್ಕೆ ಚಮಚವೇ ಇರಲಿ.